ಹಾಲಿಟ್ಟು ಬಂದೇನ್ರಿ

ವೈನಿ, ಒಂದ ಮಿನಿಟು ಬೇಲಿ ಕಡೆ ಬರ್ರಿ. ಒಲಿ ಮ್ಯಾಲೆ ಹಾಲಿಟ್ಟು ಬಂದೇನಿ, ಎರಡಽ ಮಾತು. ನಿಮ್ಮ ಹುಡುಗ ದೋಸ್ತರನ್ನ ಕಟಗೊಂಡು ಹಿತ್ತಲದಾಗ ಗಿಟಾರು ಬಾರಿಸಿದ್ರ ಯಾಕಷ್ಟು ಬೈತೀರಿ? ದಹಾವಿ ಪರೀಕ್ಷಾ ಅದ, ಖರೆ. ಬಾರಿಸೋದಕ್ಕಿಂತ ನಗೋದಽ ಹೆಚ್ಚು, ಅದೂ ಖರೆ. ಆದರ ನಮ್ಮ ಭೋರ್ ಸ್ಟ್ಯಾಂಡಿಗೆ ಬರಲಾರದ ಎಸ್.ಟಿ. ಬಸ್ಸಿನ ಮ್ಯಾಲೆ, ಭಾಟಘರ ಡ್ಯಾಮ್ ಬಾಜೂಕ ಇದ್ದೂ ಬರಲಾರದ ನಳದ ಮ್ಯಾಲೆ ಹಾಡು ಕಟ್ಟಾವ್ರು ಎಲ್ಲೆ ಸಿಗತಾರ?

ನನ್ನ ತಮ್ಮ ಕ್ಯಾಸೆಟ್ಟಿನ ಹುಚ್ಚ, ಅವನಽ ಹೇಳಿದ್ದು. ಅಮೆರಿಕಾದಾಗ ಹಿಂಗಽ ಹಾಡು ಕಟ್ಟೋ ಇಬ್ಬರು ಜಾನ್ ಇದ್ದಾರಂತ: ಫ್ಲಾನ್ಸ್‌ಬರ್ಗ್, ಲಿನೆಲ್. ಮ್ಯಾಸಚೂಸೆಟ್ಸ್‌ನಾಗ ಹೈಸ್ಕೂಲ್ ದೋಸ್ತರು. 1982ಕ್ಕ ಬ್ಯಾಂಡ್ ಕಟ್ಟಿದ್ರು. ಒಬ್ಬನ ಕೈಯಾಗ ಗಿಟಾರು, ಇನ್ನೊಬ್ಬನ ಎದಿಗೆ ಅಕಾರ್ಡಿಯನ್, ನಮ್ಮ ಪೇಟಿ ಎತ್ತಿ ಕೊರಳಿಗೆ ಹಾಕ್ಕೊಂಡಂಗ. ಮೊದಲ ಡ್ರಮ್ ಬಡಿಯಾಂವ ಇರಲಿಲ್ಲ, ಟೇಪ್ ಹಚ್ಚತಿದ್ರು! ಹೆಸರು 'ದೇ ಮೈಟ್ ಬಿ ಜಯಂಟ್ಸ್'. ಅಂದ್ರ, 'ರಾಕ್ಷಸರಿದ್ರೂ ಇದ್ದಾರು'. ಸಿನಿಮಾದ ಹೆಸರದು, ಮೂಲ ಡಾನ್ ಕ್ವಿಕ್ಸೋಟ್ ಗಾಳಿಗಿರಣಿಗೆ ರಾಕ್ಷಸ ಅಂದ ಕತಿ. ಸಾತಾರಾ ಕಡೆ ಚಾಳಕೇವಾಡಿ ಗಾಳಿಪಂಕಾ ನೋಡಿದ್ರ ನನಗೂ ಹಂಗಽ ಅನಸ್ತದ ಬಿಡ್ರಿ.

ಮಜಾ ಮುಂದ ಅದ. ಲಿನೆಲ್ ಸೈಕಲ್ ಅಪಘಾತದಾಗ ಮಣಿಕಟ್ಟು ಮುರಕೊಂಡ, ಫ್ಲಾನ್ಸ್‌ಬರ್ಗ್‌ನ ಮನಿ ಕಳವಾತು. ಕಾರ್ಯಕ್ರಮ ಬಂದ್. ಆಗ ಮನಿ ಫೋನಿನ ಆನ್ಸರಿಂಗ್ ಮಷೀನಿನಾಗ ಹಾಡು ತುಂಬಿ, ನಂಬರನ್ನ ಪೇಪರಿನಾಗ ಹಾಕಿದ್ರು. ಫೋನ್ ಹಚ್ಚಿದ್ರ ಹಾಡು! ಆಫೀಸಿನಿಂದ ಹಚ್ಚಿದ್ರ ಬಿಟ್ಟಿ ಅಂತ ಜಾಹೀರಾತು ಬ್ಯಾರೆ. 2002ಕ್ಕ ಗ್ರ್ಯಾಮಿನೂ ಬಂತು.

ನಮ್ಮ ನಾಟಕಕಾರ ಕೈಲಾಸಂ ಅವರೇನ ಕಡಿಮಿ? ಲಂಡನ್ನಿಗೆ ಭೂಗರ್ಭಶಾಸ್ತ್ರ ಓದಾಕ ಹೋದವ್ರು, ಗೋರಾ ಸಿಪಾಯಿಗಳು ಹಾಡಿಕೋತ ನಡೆಯೋ 'ಟಿಪ್ಪರರಿ' ಧಾಟಿಗೆ ತಿಪ್ಪಾರಳ್ಳಿ ತಂದು ಕೂಡಿಸಿದ್ರು. ಧಾಟಿ ಅವರದು, ಊರು ನಮ್ಮದು. ನಿಮ್ಮ ಹುಡುಗ ಮಾಡೋದೂ ಅದಽ ಅಲ್ಲೇನು?

ಏನಂದ್ರಿ? ಹೊಸಾ ಹಾಡು ನನ್ನ ಮ್ಯಾಲಾ? ಬೇಲಿ ಹಿಡಕೊಂಡು ತಾಸುಗಟ್ಟಲೆ ಮಾತಾಡೋ ಬಾಯಾರ ಮ್ಯಾಲಂತ? ಮೂರನೇ ನುಡಿಯಾಗ ಏನ ಹೊತ್ತತದ ಅಂದ್ರಿ?

ಅಯ್ಯಯ್ಯ, ನನ್ನ ಹಾಲು!