ಶುಲ್ಕಮೀಮಾಂಸೆ: ಮೇಧಾವಿಗಳ ಅಭಿರುಚಿಯ ಉತ್ಪತ್ತಿಯನ್ನು ಕುರಿತ ಒಂದು ಶಾಸ್ತ್ರವಿಚಾರ

ಮನುಷ್ಯನ ಅಭಿರುಚಿಯು ಆತ್ಮದಿಂದ ಹುಟ್ಟುತ್ತದೆಯೋ, ಪೂರ್ವಜನ್ಮದ ವಾಸನೆಯಿಂದ ಹುಟ್ಟುತ್ತದೆಯೋ, ಅಥವಾ ಪಿಯುಸಿಯ ಫಿಸಿಕ್ಸ್ ಮೇಷ್ಟರ ದೆಸೆಯಿಂದ ಹುಟ್ಟುತ್ತದೆಯೋ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಮತಭೇದವುಂಟು. ಸಿಇಟಿಯ ಫಲಿತಾಂಶ ಪ್ರಕಟವಾದ ಮರುದಿನ, ಮಕ್ಕಳ ಬಾಯಿಗೆ ಮೈಸೂರುಪಾಕನ್ನು ಇಡುತ್ತಿರುವ ತಾಯ್ತಂದೆಗಳ ಚಿತ್ರದ ಕೆಳಗೆ ‘ಕಂಪ್ಯೂಟರ್ ಸೈನ್ಸ್ ಓದುವಾಸೆ’ ಎಂದು ಅಚ್ಚಾಗುವ ವಾಕ್ಯವು, ಸೀಟು ಹಂಚಿಕೆಯ ಹೊತ್ತಿಗೆ ‘ನನಗೆ ಮೊದಲಿನಿಂದಲೂ ಸಿವಿಲ್ ಎಂದರೆ ಪ್ರಾಣ’ ಎಂದು ಹೇಗೆ ಪರಿಣಮಿಸುತ್ತದೆಂಬುದನ್ನು ಮಾತ್ರ ಯಾರೂ ವಿಚಾರಿಸಿದಂತೆ ಕಾಣೆವು. ಈ ನ್ಯೂನತೆಯನ್ನು ನೀಗುವ ಸಲುವಾಗಿ, ಮೀಮಾಂಸಕರು ಹಾಕಿಕೊಟ್ಟ ಕ್ರಮದಲ್ಲಿಯೇ ಪ್ರಕೃತ ಗ್ರಂಥವನ್ನು ಆರಂಭಿಸಿದ್ದೇವೆ.

ವಿಷಯ. ವಿದ್ಯೆಯು ಒಂದೇ, ಅದರ ಬೆಲೆ ಮಾತ್ರ ಅನೇಕ. ಇದು ನಮ್ಮ ಕಲ್ಪನೆಯಲ್ಲ. 1989ರಲ್ಲಿ ಕರ್ನಾಟಕ ಸರ್ಕಾರವು ಹೊರಡಿಸಿದ ಅಧಿಸೂಚನೆಯ ಪ್ರಕಾರ, ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟು ಪಡೆದವನು ವರ್ಷಕ್ಕೆ 2,000 ರೂಪಾಯಿಯನ್ನೂ, ಉಳಿದ ಕನ್ನಡನಾಡಿನವನು ಗರಿಷ್ಠ 25,000ವನ್ನೂ, ಹೊರನಾಡಿನವನು ಗರಿಷ್ಠ 60,000ವನ್ನೂ ತೆತ್ತು, ಮೂವರೂ ಒಂದೇ ಶವದ ಮುಂದೆ ನಿಂತು ಒಂದೇ ನರಮಂಡಲವನ್ನು ಅಭ್ಯಸಿಸತಕ್ಕದ್ದಾಗಿತ್ತು. ಮೀರತ್ತಿನ ವಿದ್ಯಾರ್ಥಿನಿಯೊಬ್ಬಳು ಇದನ್ನು ಪ್ರಶ್ನಿಸಲಾಗಿ, 1992ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕ್ಯಾಪಿಟೇಷನ್ ಶುಲ್ಕವನ್ನು ಖಂಡಿಸಿತು. 1993ರ ತೀರ್ಪಿನಿಂದ ‘ಫ್ರೀ ಸೀಟು’, ‘ಪೇಮೆಂಟ್ ಸೀಟು’ ಎಂಬ ದ್ವೈತಮತವು ಪ್ರತಿಷ್ಠಿತವಾಯಿತು. 2002ರಲ್ಲಿ ಹನ್ನೊಂದು ಮಂದಿ ನ್ಯಾಯಮೂರ್ತಿಗಳು ಕುಳಿತು ಆ ಏರ್ಪಾಟನ್ನು ತಳ್ಳಿಹಾಕಿದರು. ಈಗ ಸರ್ಕಾರಿ ಕೋಟಾ, ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಎಂಬ ತ್ರಿಮೂರ್ತಿಗಳು ಒಂದೇ ಬೆಂಚಿನ ಮೇಲೆ ಆಸೀನರಾಗಿ, ಒಬ್ಬನೇ ಉಪನ್ಯಾಸಕನ ಒಂದೇ ಆಕಳಿಕೆಗೆ ಬೇರೆಬೇರೆ ದರವನ್ನು ತೆರುತ್ತಿದ್ದಾರೆ.

ಸಂಶಯ. ಹೀಗಿರುವಲ್ಲಿ ಕಾಲೇಜನ್ನು ಆರಿಸುವವನು ಯಾರು? ವಿದ್ಯಾರ್ಥಿಯೋ, ವಿದ್ಯಾರ್ಥಿಯ ತಂದೆಯೋ, ತಂದೆಯ ವರಮಾನ ಪತ್ರವೋ?

ಪೂರ್ವಪಕ್ಷ. ರ‍್ಯಾಂಕೇ ಆರಿಸುತ್ತದೆಂದು ಪೂರ್ವಪಕ್ಷಿಗಳು ವಾದಿಸುತ್ತಾರೆ. ರ‍್ಯಾಂಕು ಬಾಗಿಲನ್ನು ತೆರೆಯುತ್ತದೆಂಬಷ್ಟನ್ನು ನಾವೂ ಒಪ್ಪತಕ್ಕದ್ದೇ. ಆದರೆ ಆಪ್ಷನ್ ಎಂಟ್ರಿಯ ಕಾಲದಲ್ಲಿ ತಾಲ್ಲೂಕು ಕೇಂದ್ರದ ಯಾವುದಾದರೊಂದು ಸೈಬರ್ ಸೆಂಟರಿನಲ್ಲಿ ಅರ್ಧಗಂಟೆ ನಿಂತವರಿಗೆ ಆ ವಾದದ ಟೊಳ್ಳುತನವು ಪ್ರತ್ಯಕ್ಷಪ್ರಮಾಣದಿಂದಲೇ ಗೋಚರಿಸುವುದು. ಹುಡುಗನು ಬೆಂಗಳೂರಿನ ಪ್ರಸಿದ್ಧ ಕಾಲೇಜೊಂದರ ಕೋಡನ್ನು ಉಚ್ಚರಿಸುತ್ತಾನೆ. ಮೌಸು ಹಿಡಿದವನು ಅದನ್ನು ಒಂದನೆಯ ಆದ್ಯತೆಗೆ ಏರಿಸುತ್ತಾನೆ. ಹಿಂದೆ ನಿಂತ ತಂದೆಯು, ಕಾಲೇಜಿನ ಹೆಸರನ್ನಾಗಲಿ ಕೋರ್ಸಿನ ಹೆಸರನ್ನಾಗಲಿ ಕೇಳದೆ, ‘ಹಾಸ್ಟೆಲ್ಲಿಗೆ ಎಷ್ಟಾಗುತ್ತೆ ನೋಡಪ್ಪಾ’ ಎಂದಷ್ಟೇ ನುಡಿಯುತ್ತಾನೆ. ಮೌಸು ಹಿಡಿದವನು ಮೊತ್ತವನ್ನು ಹೇಳುತ್ತಾನೆ. ಯಾರೂ ಮಾತನಾಡುವುದಿಲ್ಲ. ಒಂದನೆಯದು ಒಂಬತ್ತನೆಯದಾಗುತ್ತದೆ, ಮನೆಯಿಂದ ಬಸ್ ಪಾಸಿನಲ್ಲಿ ಹೋಗಿಬರಬಹುದಾದ ಕಾಲೇಜೊಂದು ಮೇಲೇರುತ್ತದೆ.

ಸಿದ್ಧಾಂತ. ಆದುದರಿಂದ ನಾವು ರಚಿಸಿರುವ ಸೂತ್ರವಿದು: ‘ಯಾವಚ್ಛುಲ್ಕಂ ತಾವದಭಿರುಚಿಃ.’ ಶುಲ್ಕವು ಎಲ್ಲಿಯವರೆಗೋ ಅಭಿರುಚಿಯೂ ಅಲ್ಲಿಯವರೆಗೆ ಎಂಬುದು ಇದರ ವೃತ್ತಿ. ಇದಕ್ಕೆ ಪ್ರಾಚೀನ ದೃಷ್ಟಾಂತವೂ ಉಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತ, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡಿದ್ದ ಮುದ್ದೇನಹಳ್ಳಿಯ ತರುಣರೊಬ್ಬರು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಗೆ ತೆರಳಿ ಎಂಜಿನಿಯರಾದರು. ಆ ವೇತನವು ದೈವಯೋಗದಿಂದ ವೈದ್ಯಶಾಸ್ತ್ರಕ್ಕೆ ಮೀಸಲಾಗಿದ್ದಿದ್ದರೆ ವಿಶ್ವೇಶ್ವರಯ್ಯನವರು ನಾಡಿ ನೋಡುತ್ತಿದ್ದರೆಂದೂ, ಕಾವೇರಿಯು ಕನ್ನಂಬಾಡಿಯಲ್ಲಿ ನಿಲ್ಲದೆ ನೇರವಾಗಿ ಮುಂದೆ ಸಾಗುತ್ತಿದ್ದಳೆಂದೂ ನಮ್ಮ ಶಾಸ್ತ್ರವು ನಿಸ್ಸಂಶಯವಾಗಿ ಸಾರುತ್ತದೆ.

ಸಹಾಯಧನದಲ್ಲಿ ಎರಡು ಪ್ರಭೇದಗಳುಂಟು. ಒಂದು, ಬೇಡದವನನ್ನು ಅಟ್ಟಿಸಿಕೊಂಡು ಹೋಗುವಂಥದು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 620 ಪಡೆದವನಿಗೆ, ಅವನ ತಂದೆಯು ಬಡಗಿಯಾಗಿರಲಿ ಬ್ಯಾಂಕ್ ಮ್ಯಾನೇಜರಾಗಿರಲಿ, ಶುಲ್ಕ ಮನ್ನಾ, ಹಾಸ್ಟೆಲ್ ಉಚಿತ ಎಂದು ಪಿಯು ಕಾಲೇಜುಗಳು ತಾವಾಗಿ ದೂರವಾಣಿ ಮಾಡುತ್ತವೆ. ಇದನ್ನು ದಾನವೆಂದು ಭ್ರಮಿಸತಕ್ಕದ್ದಲ್ಲ. ಎರಡು ವರ್ಷಗಳ ಅನಂತರ ಬಸ್ಸಿನ ಬೆನ್ನಿನ ಮೇಲೆ ಅಂಟಿಸಲಿರುವ ಮುಖಕ್ಕೆ ಕೊಟ್ಟ ಮುಂಗಡವಿದು. ಇನ್ನೊಂದು, ಬೇಡುವವನೇ ಅಟ್ಟಿಸಿಕೊಂಡು ಹೋಗಬೇಕಾದಂಥದು. ಇದಕ್ಕೆ ನಾಡಕಚೇರಿಯಿಂದ ಪಡೆದ ಜಾತಿ ಮತ್ತು ವರಮಾನ ಪತ್ರದ ಆರ್.ಡಿ. ಸಂಖ್ಯೆಯು ಬೀಜಮಂತ್ರ, ಆಧಾರ್ ಜೋಡಣೆಗೊಂಡ ಬ್ಯಾಂಕ್ ಖಾತೆಯು ಯಜ್ಞಕುಂಡ, ಎಸ್‌ಎಸ್‌ಪಿ ಎಂಬ ವಿದ್ಯಾರ್ಥಿವೇತನ ತಂತ್ರಾಂಶದ ಸರ್ವರು ಒಲಿಯಬೇಕಾದ ದೇವತೆ. ಹಾಸ್ಟೆಲ್ ದೊರೆಯದ ಹುಡುಗನಿಗೆ ತಿಂಗಳಿಗೆ ಇಂತಿಷ್ಟೆಂದು ಹಣ ಕೊಡುವ ವಿದ್ಯಾಸಿರಿ ಯೋಜನೆಯೂ ಈ ವರ್ಗಕ್ಕೇ ಸೇರಿದುದು. ಎಷ್ಟೋ ಸಂದರ್ಭಗಳಲ್ಲಿ ಶುಲ್ಕವನ್ನು ಮೊದಲು ಕಟ್ಟಿ, ಮರುಪಾವತಿಯನ್ನು ಅನಂತರ ಎದುರುನೋಡಬೇಕಾದುದರಿಂದ, ತನ್ನಲ್ಲಿ ಹಣವಿಲ್ಲವೆಂದು ಸಿದ್ಧಪಡಿಸಲು ಮನುಷ್ಯನಲ್ಲಿ ಮೊದಲು ಹಣವಿರಬೇಕೆಂಬ ಸೂಕ್ಷ್ಮ ತತ್ತ್ವವು ಇಲ್ಲಿ ಅಡಗಿದೆ. ಇನ್ನು ಎಸ್‌ಎನ್‌ಕ್ಯೂ ಎಂಬ ಶೇಕಡಾ 5ರ ಅಧಿಕ ಸೀಟುಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಆದರೆ ವರಮಾನವು 8 ಲಕ್ಷವನ್ನು ಮೀರಿರಬಾರದು. ಆ ಗೆರೆಯನ್ನು ಒಂದೇ ಒಂದು ತುಟ್ಟಿಭತ್ಯೆಯಿಂದ ದಾಟಿದ ಶಾಲಾಮಾಸ್ತರನು, ಶಾಸ್ತ್ರದೃಷ್ಟಿಯಿಂದ, ಸಾಕ್ಷಾತ್ ಕುಬೇರನೇ ಸರಿ.

ಸೀಟು ಹಂಚಿಕೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರವು ಅನುಗ್ರಹಿಸುವ ನಾಲ್ಕು ಚಾಯ್ಸುಗಳಾದರೋ ನಾಲ್ಕು ಆಶ್ರಮಗಳೇ ಆಗಿವೆ. ಸಿಕ್ಕಿದ್ದನ್ನು ಒಪ್ಪಿ ಸೇರಿಬಿಡುವ ಚಾಯ್ಸ್ 1 ಗಾರ್ಹಸ್ಥ್ಯ; ಸಿಕ್ಕಿದ್ದನ್ನು ಬಿಡದೆ ಮುಂದಿನ ಸುತ್ತಿನ ಕಡೆ ಕಣ್ಣಿಡುವ ಚಾಯ್ಸ್ 2, ಮನೆಗೂ ಕಾಡಿಗೂ ನಡುವಿನ ವಾನಪ್ರಸ್ಥ; ಏನನ್ನೂ ಒಪ್ಪದೆ ಕಾಯುವ ಚಾಯ್ಸ್ 3 ಬ್ರಹ್ಮಚರ್ಯ; ಎಲ್ಲವನ್ನೂ ತೊರೆದು ಹೊರಡುವ ಚಾಯ್ಸ್ 4 ಸಂನ್ಯಾಸ. ಬ್ರಹ್ಮಚರ್ಯಕ್ಕೆ ಧೈರ್ಯ ಬೇಕು, ಆ ಧೈರ್ಯಕ್ಕೆ ಬೆನ್ನ ಹಿಂದೆ ಮ್ಯಾನೇಜ್‌ಮೆಂಟ್ ಸೀಟಿನಷ್ಟು ಆಸ್ತಿ ಬೇಕು. ಆದುದರಿಂದ ಬಡ ಮೇಧಾವಿಗಳಲ್ಲಿ ಗೃಹಸ್ಥರೇ ಹೆಚ್ಚು.

ಪ್ರಯೋಜನ. ಈ ಶಾಸ್ತ್ರದಿಂದ ಸಿದ್ಧಿಸುವ ಮುಖ್ಯ ಫಲವೆಂದರೆ ಮನಶ್ಶಾಂತಿ. ಕೈಗೆಟುಕದ್ದನ್ನು ಬಯಸಲಿಲ್ಲವೆಂದು ಹೇಳಿಕೊಳ್ಳುವುದನ್ನು ನಮ್ಮ ಮಕ್ಕಳು ಹದಿನೆಂಟನೆಯ ವಯಸ್ಸಿಗೇ ಕಲಿತುಬಿಡುವುದರಿಂದ, ಸಂದರ್ಶಕರಿಗೂ ನೆಂಟರಿಗೂ ಸರ್ಕಾರಕ್ಕೂ ಯಾವ ಮುಜುಗರವೂ ಉಂಟಾಗುವುದಿಲ್ಲ. ಪ್ರತಿಯೊಬ್ಬನೂ ತನಗಿಷ್ಟವಾದುದನ್ನೇ ಓದಿದನೆಂದು ದಾಖಲೆಯಾಗುತ್ತದೆ. ಇಷ್ಟರ ಮೇಲೆಯೂ ಯಾವನಾದರೂ ಹುಡುಗನು ತನಗೆ ಬೇರೆ ಆಸೆಯೊಂದಿತ್ತೆಂದು ಹೇಳಿದಲ್ಲಿ, ಅವನ ಮಾತನ್ನು ನಿಜವೆಂದು ತಿಳಿಯತಕ್ಕದ್ದು. ಆದರೆ ಅದನ್ನು ನಮೂದಿಸುವುದಕ್ಕೆ ಅರ್ಜಿಯಲ್ಲಿ ಅಂಕಣವಿಲ್ಲ.