ಹಿತ್ತಲಿನ ಹಲಗೆ ಪ್ರಕರಣ

ಶಿಕಾಗೋ ನಗರದ ಹೊರವಲಯದಲ್ಲಿ ಮನೆ ಕೊಂಡ ಕನ್ನಡಿಗನು, ಅಡುಗೆಮನೆಯ ಹಿಂಬಾಗಿಲಿನಿಂದ ಹುಲ್ಲಿಗೆ ಇಳಿಯುವ ಎರಡು ಮೆಟ್ಟಿಲುಗಳಲ್ಲಿಯೇ ತೃಪ್ತನಾಗಿ ಉಳಿದ ನಿದರ್ಶನವನ್ನು ನಾನಂತೂ ಕಂಡಿಲ್ಲ. ಚಳಿಗಾಲವು ಕಳೆದು ಬಿಸಿಲು ಕಣ್ಣು ತೆರೆಯುತ್ತಲೇ, ನೆರೆಯವನ ಹಿತ್ತಲಿನ ಡೆಕ್ಕು ಎಂಬ ಹಲಗೆಯ ಜಗಲಿ, ಅದರ ಮೇಲಣ ಕುರ್ಚಿ, ಆ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತ ನೆರೆಯವನು, ಇವು ಮೂರೂ ಏಕಕಾಲದಲ್ಲಿ ಅವನ ದೃಷ್ಟಿಗೆ ಬಿದ್ದು, ತನಗೂ ಅಂಥದೊಂದಿಲ್ಲದೆ ಗೃಹಸ್ಥಾಶ್ರಮವು ಪರಿಪೂರ್ಣವಾಗದೆಂಬ ವ್ಯಾಕುಲತೆ ಅಂಕುರಿಸುತ್ತದೆ. ವರ್ಷದ ಅರ್ಧಭಾಗ ಹೊರಗೆ ಕೂರಲಾಗದ ಊರಿನಲ್ಲಿ ಈ ಆಸೆ ವಿವೇಕಸಮ್ಮತವೇ ಎಂದು ಯಾರೂ ಕೇಳುವುದಿಲ್ಲ.

ಡೆಕ್ಕನ್ನು ಕಟ್ಟುವುದು ಕಷ್ಟವಲ್ಲ. ಹಣ ಕೊಟ್ಟರೆ ಕಂಟ್ರಾಕ್ಟರನು ಕಟ್ಟಿಕೊಡುತ್ತಾನೆ. ಕಷ್ಟವಿರುವುದೆಲ್ಲ ಹಲಗೆಯನ್ನು ಆರಿಸುವುದರಲ್ಲಿ. ವಿದ್ಯಾರಣ್ಯ ಕನ್ನಡ ಕೂಟದ ಯುಗಾದಿಯ ಊಟದಲ್ಲಿ ವಿಷಯವನ್ನೆತ್ತಿದೆನಾಗಿ, ಪೈನ್ ಹಾಕಿಸಿದ್ದವರು ಕಾಂಪೋಸಿಟ್ಟೇ ಶ್ರೇಷ್ಠವೆಂದೂ, ಕಾಂಪೋಸಿಟ್ ಹಾಕಿಸಿದ್ದವರು ಪೈನ್ ಧಾರಾಳವಾಗಿ ಸಾಕಿತ್ತೆಂದೂ, ಏನನ್ನೂ ಹಾಕಿಸದವರು ಸೀಡರನ್ನು ಬಿಟ್ಟರೆ ಗತಿಯಿಲ್ಲವೆಂದೂ, ಹೋಳಿಗೆಗೆ ತುಪ್ಪ ಬಡಿಸಿಕೊಳ್ಳುತ್ತ ಏಕಕಂಠದಿಂದಲ್ಲದಿದ್ದರೂ ಸಮಾನವಾದ ದೃಢತೆಯಿಂದ ಹೇಳಿದರು.

ಇಷ್ಟರಲ್ಲಿ ಶಿವಮೊಗ್ಗದಿಂದ ಅತ್ತೆಮಾವಂದಿರು ಆರು ತಿಂಗಳ ವಾಸಕ್ಕೆ ಆಗಮಿಸಿದರು. ಮಾವನವರು ಅರಣ್ಯ ಇಲಾಖೆಯಲ್ಲಿದ್ದು, ಬಹುಕಾಲ ದಾಂಡೇಲಿಯ ಕಾಡಿನಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು. ತೇಗ, ಬೀಟೆ, ಮತ್ತಿ, ಹೊನ್ನೆಗಳನ್ನು ಹೊರತುಪಡಿಸಿದರೆ ಮಿಕ್ಕುದೆಲ್ಲ ಸೌದೆಯೆಂಬುದು ಅವರ ಸಿದ್ಧಾಂತ. ಅವರನ್ನು ಮರದಂಗಡಿಗೆ ಕರೆದೊಯ್ಯುವುದರಲ್ಲಿ ನನ್ನ ಪತ್ನಿಗಿದ್ದ ಉತ್ಸಾಹ ನನಗಿರಲಿಲ್ಲ.

ಅಂಗಡಿಯವನು ಮೊದಲು ತೋರಿಸಿದ್ದು ಪ್ರೆಷರ್ ಟ್ರೀಟೆಡ್ ಪೈನ್. ಮೆತ್ತನೆಯ ಮರವನ್ನು ಉಕ್ಕಿನ ಕೊಳವೆಯೊಳಗೆ ಕೂಡಿ, ಒತ್ತಡದಿಂದ ತಾಮ್ರದ ದ್ರಾವಣವನ್ನು ಅದರ ನರನಾಡಿಗಳಿಗೆ ನುಗ್ಗಿಸಿದರೆ ಗೆದ್ದಲೂ ಬೂಷ್ಟೂ ಹತ್ತಿರ ಸುಳಿಯಲು ಹೆದರುತ್ತವೆ. ಹಲಗೆಗೆ ಬಂದಿರುವ ತುಸು ಹಸಿರು ಛಾಯೆ ಆ ಚಿಕಿತ್ಸೆಯ ಕುರುಹು. 2003ರ ಅಂತ್ಯದವರೆಗೂ ಮನೆಬಳಕೆಯ ಇಂಥ ಮರಕ್ಕೆ ತಾಮ್ರದೊಡನೆ ಆರ್ಸೆನಿಕ್ಕನ್ನೂ ಸೇರಿಸುತ್ತಿದ್ದರೆಂಬ ಚರಿತ್ರೆಯನ್ನು ನಾನು ಅಕಾಲದಲ್ಲಿ ಪ್ರಸ್ತಾಪಿಸಿದೆ. ಈಗ ಅದನ್ನು ಕೈಬಿಟ್ಟಿದ್ದಾರೆ ಎಂದು ಎಷ್ಟು ಹೇಳಿದರೂ ಅತ್ತೆಯವರು, "ಪಾಷಾಣ ಕುಡಿದ ವಂಶದ ಹಲಗೆಯ ಮೇಲೆ ನಾನು ಸಂಡಿಗೆ ಒಣಹಾಕುವವಳಲ್ಲ" ಎಂದು ನುಡಿದು ಮುಂದಕ್ಕೆ ನಡೆದರು. ಡೆಕ್ಕು ಸಂಡಿಗೆಗೋಸ್ಕರ ನಿರ್ಮಾಣವಾಗಲಿದೆಯೆಂಬ ಸಂಗತಿ ನನಗೆ ತಿಳಿದದ್ದು ಆ ಕ್ಷಣದಲ್ಲಿಯೇ.

ಸೀಡರಿನ ಪರಿಮಳವನ್ನು ಮಾವನವರು ಮೆಚ್ಚಿದರು. ಆದರೆ ಉಗುರಿನಿಂದ ಗೀರಿದೊಡನೆಯೇ ಗುರುತು ಬಿದ್ದುದನ್ನು ಕಂಡು ತಲೆಯಾಡಿಸಿದರು. ತರುವಾಯ ಬ್ರೆಜಿಲ್ ದೇಶದ ಈಪೆ. ನೀರಿಗೆ ಹಾಕಿದರೆ ಮುಳುಗುವಷ್ಟು ಸಾಂದ್ರವಾದ, ಪ್ರತಿಯೊಂದು ತಿರುಪಿಗೂ ಮೊದಲೇ ರಂಧ್ರ ಕೊರೆಯದಿದ್ದರೆ ತಿರುಪನ್ನೇ ಮುರಿದುಹಾಕುವ ಆ ಮರದ ಮೇಲೆ ಮಾವನವರು ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಆಲಿಸಿ, ಹಲಗೆಯನ್ನೆತ್ತಿ ಅಂಚಿನ ಗುಂಟ ಒಂದು ಕಣ್ಣು ಮುಚ್ಚಿ ನೋಡಿ, "ಅಳಿಯಂದಿರೇ, ಇದು ಮರ" ಎಂದರು. ಆದರೆ ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು, ಅಮೆಜಾನಿನ ಕಾಡನ್ನು ಕಡಿಸಿ ಅದರ ಮೇಲೆ ಕುಳಿತು ಕಾಫಿ ಕುಡಿಯುವ ಕುಟುಂಬದೊಡನೆ ತಾನು ಭೋಜನ ಮಾಡಲಾರೆನೆಂದು ಘೋಷಿಸಿದಳು. ಆಯುಷ್ಯವೆಲ್ಲ ಕಾಡು ಕಾಯ್ದ ಅಜ್ಜನಿಗೂ ಕಾಡು ಕಡಿಯಬಾರದೆನ್ನುವ ಮೊಮ್ಮಗಳಿಗೂ ನಡುವೆ ನಡೆದ ವಾಗ್ವಾದವನ್ನು ನಾನಿಲ್ಲಿ ವರ್ಣಿಸಲಾರೆ. ಬೆಲೆಯ ಚೀಟಿಯನ್ನು ನೋಡಿದ್ದ ನಾನು ಮನಸ್ಸಿನಲ್ಲಿಯೇ ಮಗಳ ಪಕ್ಷವನ್ನು ಸೇರಿದ್ದೆ.

ಉಳಿದದ್ದು ಕಾಂಪೋಸಿಟ್. ಹಳೆಯ ಪ್ಲಾಸ್ಟಿಕ್ ಚೀಲಗಳನ್ನು ಕರಗಿಸಿ ಮರದ ಹೊಟ್ಟಿನೊಡನೆ ಕಲಸಿ, ಅಚ್ಚಿನಿಂದ ಹೊರಡಿಸಿ, ಮೇಲೆ ಮರದ ಎಳೆಗಳನ್ನು ಮುದ್ರೆಯೊತ್ತಿದ ಈ ಸೃಷ್ಟಿಯನ್ನು ಮಾವನವರು ಬಹಳ ಹೊತ್ತು ತಿರುಗಿಸಿ ನೋಡಿ, ತುದಿಯಲ್ಲಿ ವಾರ್ಷಿಕ ಉಂಗುರಗಳು ಕಾಣದೆ ಚಿಂತಾಕ್ರಾಂತರಾಗಿ, ಇದರ ವಯಸ್ಸೆಷ್ಟೆಂದು ಇಂಗ್ಲಿಷಿನಲ್ಲಿ ಪ್ರಶ್ನಿಸಿದರು. ಅಂಗಡಿಯವನು ವಾರಂಟಿಯನ್ನು ಕುರಿತು ಕೇಳುತ್ತಿದ್ದಾರೆಂದು ಭಾವಿಸಿ, ಅತ್ಯಂತ ಹೆಮ್ಮೆಯಿಂದ, "ಇಪ್ಪತ್ತೈದು ವರ್ಷ" ಎಂದನು. "ಇಪ್ಪತ್ತೈದಕ್ಕೇ ಕಡಿದರೇ? ಎಳಸು!" ಎಂದು ಮಾವನವರು ನಿಟ್ಟುಸಿರುಬಿಟ್ಟರು. ಇಬ್ಬರಿಗೂ ಸತ್ಯವನ್ನು ತಿಳಿಸುವ ಪ್ರಯತ್ನಕ್ಕೆ ನಾನು ಕೈಹಾಕಲಿಲ್ಲ.

ಆ ಅಂಗಡಿಯವನು ಪ್ರಾಮಾಣಿಕನಾಗಿದ್ದನು. ಗಾಢವರ್ಣದ ಕಾಂಪೋಸಿಟ್ ಹಲಗೆಯು ಜುಲೈ ತಿಂಗಳ ನಡುಹಗಲಿನಲ್ಲಿ ಬರಿಗಾಲಿಡಲಾಗದಷ್ಟು ಕಾಯುತ್ತದೆ, ಯೋಚಿಸಿ ಕೊಳ್ಳಿರಿ ಎಂದು ತಾನಾಗಿಯೇ ಎಚ್ಚರಿಸಿದನು. ನನ್ನ ಪತ್ನಿಯು ಇದನ್ನು ಅನುವಾದಿಸಿ ಹೇಳಿದ್ದೇ ತಡ, ಅತ್ತೆಯವರ ಮುಖವು ಅರಳಿತು. "ಹಾಗಿದ್ದರೆ ಅದೇ ಇರಲಿ. ಅರಳು ಸಂಡಿಗೆ ಒಂದೇ ದಿನಕ್ಕೆ ಗರಿಗರಿಯಾಗುತ್ತದೆ" ಎಂದರು. ವ್ಯಾಪಾರಿಯು ದೋಷವೆಂದು ಒಪ್ಪಿಕೊಂಡದ್ದನ್ನೇ ಗುಣವೆಂದು ಪರಿಗಣಿಸಿ ಸರಕು ಕೊಂಡ ಗಿರಾಕಿಯನ್ನು ಆ ಅಂಗಡಿಯು ಅದಕ್ಕೆ ಮುಂಚೆ ಕಂಡಿರಲಾರದು. ಹಲಗೆ ಹಲಗೆಯ ನಡುವೆ ನೀರಿಳಿಯಲು ಬಿಡುವ ಸಂದಿಯು ಅಂಗುಲದ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚಾಗಕೂಡದೆಂದು ಅತ್ತೆಯವರೇ ಅಪ್ಪಣೆ ಕೊಟ್ಟರು. ಹಳೆಯ ಪಂಚೆ ಹಾಸಿದರೂ ಚೂರುಪಾರು ಕೆಳಗೆ ಉದುರೀತೆಂಬುದು ಅವರ ಕಳವಳ. ಕೆಳಗಣ ತೊಲೆಗಳೆಲ್ಲ ಪೈನ್ ಮರದವೇ ಎಂದು ತಿಳಿದ ಮೇಲೆ ಮಾವನವರೂ, ಮೇಲೆ ಏನಾದರೂ ಹೊದಿಸಿಕೊಳ್ಳಿರೆಂದು ಸಮ್ಮತಿಸಿದರು.

ಬಣ್ಣದ ವಿಷಯದಲ್ಲಿ ನಮಗೆ ಆಯ್ಕೆಯ ಕ್ಲೇಶವಿರಲಿಲ್ಲ. ಬಡಾವಣೆಯ ಸಂಘದವರು ಮೂರು ಬಗೆಯ ಕಂದು ಬಣ್ಣಗಳನ್ನು ಮಾತ್ರ ಮಾನ್ಯಮಾಡಿದ್ದರು, ಮತ್ತು ಆ ಮೂರಕ್ಕೂ ಇರುವ ಭೇದವು ಸಂಘದವರಿಗೆ ಮಾತ್ರ ಗೋಚರವಾಗುತ್ತಿತ್ತು. ಆದರೆ ಅವರ ಅನುಮತಿಪತ್ರ ಬರುವುದು ತಡವಾಯಿತು. ಊರಾಡಳಿತದ ಪರವಾನಗಿ ಅದಕ್ಕಿಂತಲೂ ತಡವಾಯಿತು. ಇಲ್ಲಿ ನೆಲವು ಹೆಪ್ಪುಗಟ್ಟಿ ಕಂಬಗಳನ್ನು ಮೇಲಕ್ಕೆತ್ತಿಬಿಡುವುದರಿಂದ ನಲವತ್ತೆರಡು ಅಂಗುಲ ಆಳಕ್ಕೆ ಗುಂಡಿ ತೋಡಬೇಕು. ಊರಾಡಳಿತದ ಇನ್‌ಸ್ಪೆಕ್ಟರು ಬಂದು ಆ ಗುಂಡಿಗಳನ್ನು ಬಗ್ಗಿ ನೋಡಿ ಒಪ್ಪಬೇಕು. ಅಲ್ಲಿಯವರೆಗೆ ಕಾಂಕ್ರೀಟು ಸುರಿಯಕೂಡದು. ಕಟಕಟೆಯ ಸರಳುಗಳ ನಡುವೆ ನಾಲ್ಕು ಅಂಗುಲದ ಚೆಂಡು ತೂರಬಾರದೆಂಬ ಇನ್ನೊಂದು ನಿಯಮವೂ ಉಂಟು. ಇದೆಲ್ಲ ಮುಗಿದು ಕೊನೆಯ ಹಲಗೆ ಕೂತದ್ದು ಅಕ್ಟೋಬರ್ ತಿಂಗಳ ಮೊದಲ ವಾರದಲ್ಲಿ. ಅತ್ತೆಯವರು ಸ್ವೆಟರ್ ತೊಟ್ಟು ಹೊರಗೆ ಬಂದು, ಅಂಗೈಯನ್ನು ಹಲಗೆಗೆ ಒತ್ತಿ ಹಿಡಿದು, "ತಣ್ಣಗಿದೆಯಲ್ಲ!" ಎಂದು ನನ್ನ ಮುಖವನ್ನು ನೋಡಿದರು. ಮುಂದಿನ ವಾರವೇ ಅವರ ವಿಮಾನ.

ಈಗ ಜನವರಿ. ಲೋಹದ ಸಲಿಕೆ ತಾಗಿದರೆ ಕಾಂಪೋಸಿಟ್ಟಿನ ಮೇಲ್ಮೈ ಗೀಚಿಹೋಗುವುದಾದ್ದರಿಂದ, ಪ್ಲಾಸ್ಟಿಕ್ ಸಲಿಕೆಯನ್ನು ಹಿಡಿದು ಮೊಣಕಾಲೆತ್ತರದ ಹಿಮವನ್ನು ಎತ್ತಿಹಾಕುತ್ತಿದ್ದೆನು. ಮಗಳು ಫೋನಿನ ವೀಡಿಯೋದಲ್ಲಿ ಶಿವಮೊಗ್ಗದವರಿಗೆ ಆ ದೃಶ್ಯವನ್ನು ತೋರಿಸುತ್ತಿರಲಾಗಿ, ಅತ್ತೆಯವರು ಕ್ಷಣಕಾಲ ಕಣ್ಣು ಕಿರಿದುಮಾಡಿ ನೋಡಿ, "ಸಂಡಿಗೆ ಹಾಕುವ ಜಾಗ, ಬೂಟು ಕಳಚಿ ನಿಂತುಕೊಳ್ಳಿ ಎಂದು ಹೇಳೇ ನಿಮ್ಮಪ್ಪನಿಗೆ" ಎಂದರು.