ದೀಪ ಹಚ್ಚೂ ಹೊತ್ತಿನ್ಯಾಗ ಸೂಜಿ ಕೇಳಬಾರದ್ರಿ

ಅಕ್ಕಾರ, ದೀಪ ಹಚ್ಚೂ ಹೊತ್ತಿನ್ಯಾಗ ಸೂಜಿ ಕೇಳಾಕ ಬಂದೀರಲ್ರೀ! ಈ ಹೊತ್ತಿನ್ಯಾಗ ಕೊಡಬಾರದು ಅಂತ ನಮ್ಮತ್ತಿ ಹೇಳ್ತಿದ್ರು. ಮುಂಜಾನೆ ಒಯ್ರಿ. ಹೆಂಗೂ ಇದ್ದೊಂದು ಛಲೋ ಸೂಜಿ ಈಗ ನನ್ನ ಕೈಯಾಗಿಲ್ಲ, ಮೊಮ್ಮಗ ಹಿಡ್ಕೊಂಡು ಕುಂತಾನ. ಹೌದ್ರಿ, ಏಳು ವರ್ಷದ ಹುಡುಗ, ಕೌದಿ ಹೊಲ್ಯಾಕ ಹತ್ತ್ಯಾನ.

ಚುಚ್ಚಿಕೊಳ್ಳಂಗಿಲ್ಲೇನು ಅಂತೀರಾ? ಚುಚ್ಚಿಕೊಂಡ, ಎರಡು ಸಲ. ಮೂರನೇ ಸಲ ಬೆರಳು ತಾನ ದೂರ ಸರೀತು. ಮೊದಲನೇ ದಿನಾನ ಬಟ್ಟಿ ಕೊಡಲಿಲ್ರೀ. ಹಳೇ ಲಗ್ನಪತ್ರಿಕಿ ಇದ್ವಲ್ಲ, ದಪ್ಪನ್ನವು, ಅವಕ್ಕ ದಬ್ಬಣದಿಂದ ತೂತು ಹಾಕಿ, ಮೊಂಡ ಸೂಜಿ ಕೊಟ್ಟು, ಮ್ಯಾಲಿಂದ ಕೆಳಗ, ಕೆಳಗಿಂದ ಮ್ಯಾಲ, ಇಷ್ಟ ನೋಡಪಾ ಅಂದೆ. ನಿಮ್ಮ ಮಗಳ ಲಗ್ನದ ಪತ್ರಿಕಿನೂ ಅದರಾಗ ಹೋತು, ಸಿಟ್ಟಾಗಬ್ಯಾಡ್ರಿ. ಗಣಪ್ಪನ ಸುತ್ತ ಕೆಂಪು ದಾರ ಓಡ್ಸ್ಯಾನ, ಚಂದ ಕಾಣ್ತಾನ.

ಆಮ್ಯಾಲ ದಾರದ ಪಾಠ. ಹುಡುಗರಿಗೆ ಪದೇ ಪದೇ ಪೋಣಿಸೂದು ಬ್ಯಾಸರ. ಗಾಳಿಪಟ ಹಾರಿಸೂವಷ್ಟು ಉದ್ದ ಎಳ್ಕೊಂತಾರ. ನಾಲ್ಕು ಹೊಲಿಗಿ ಹಾಕೂದ್ರಾಗ ಹತ್ತು ಸಿಕ್ಕು. ಅದಕ್ಕ, ನಿನ್ನ ಕೈಲೆ ಎರಡು ಮೊಳ, ಅದರ ಮ್ಯಾಲ ಒಂದು ಬೆರಳೂ ಬ್ಯಾಡ ಅಂದೆ. ಈಗ ಮನಿಯಾಗ ಕಂಡಿದ್ದನ್ನೆಲ್ಲಾ ಮೊಳ ಹಾಕ್ತಾನ. ನಮ್ಮ ಬೆಕ್ಕು ಬಾಲ ಹಿಡದು ಎರಡು ಮೊಳ ಐತಂತ.

ಧಾರವಾಡದಾಗ ಇದ್ದು ಕಸೂತಿ ಕಲಿಸಬಾರದೇನು ಅಂತೀರಿ. ಕಸೂತಿಗೆ ಬ್ಯಾಡ ಅಂತೀನೇನ್ರೀ? ಆದರ ಗವಂತಿ, ಮುರ್ಗಿ, ನೇಗಿ, ಮೆಂತೆ, ಯಾವುದ ತಗೋರಿ, ಎಳಿ ಎಣಿಸಬೇಕು, ಗಂಟು ಹಾಕೂ ಹಂಗಿಲ್ಲ. ಒಂದು ಎಳಿ ತಪ್ಪಿದ್ರ ಗೋಪುರ ವಾಲ್ತೈತಿ. ಏಳು ವರ್ಷದವಗ ಅದು ಶಿಕ್ಷಾ. ಕೌದಿ ಹಂಗಲ್ರೀ, ಹೊಲಿಗಿ ಸೊಟ್ಟ ಆದ್ರೂ ಬಟ್ಟಿ ಹಿಡೀತೈತಿ. ಇದು ಅವ್ವನ ಸೀರಿ, ಇದು ಅಜ್ಜನ ಧೋತರ, ಇದು ನನ್ನ ಸಾಲಿ ಅಂಗಿ ಅಂತ ಗುರುತು ಹಿಡಕೊಂತ ಹೊಲೀತಾನ.

ಆ ಸೊಟ್ಟ ಹೊಲಿಗಿ ನೋಡಿದ್ರ ನನ್ನ ಕೈ ತುರಿಸ್ತಾವ್ರಿ. ಒಂದು ರಾತ್ರಿ ತಡೀಲಾರದ ಬಿಚ್ಚಿ ನೆಟ್ಟಗ ಮಾಡಿಟ್ಟೆ. ಮುಂಜಾನೆ ನೋಡಿದವನ, ‘ಇದು ನಂದಲ್ಲ’ ಅಂದು ಒಗದು ಹ್ವಾದ. ಎರಡು ದಿನ ಮುಟ್ಟಲಿಲ್ಲ. ಅವತ್ತಿಂದ ಕೈ ದಿಂಬಿನ ಕೆಳಗ ಇಟ್ಕೊಂಡು ಮಲಗ್ತೀನಿ.

ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಮಕ್ಕಳು ಕೌದಿ ಹೊಲಿಯೂದು ನೋಡೀರೇನ್ರೀ? ಆಫ್ರಿಕಾದಿಂದ ಬಂದವರ ವಂಶ ಅವರದು. ಅಂಚಿನಿಂದ ಚಾಲೂ ಮಾಡಿ, ಸುತ್ತ ಸುತ್ತ ಹೊಲಕೊಂತ ನಡಕ್ಕ ಬರ್ತಾರ. ಮೂಲ್ಯಾಗ ಮಡಚಿದ ಸಣ್ಣ ತುಂಡು ಹಚ್ತಾರ, ಅದಕ್ಕ ಫೂಲ ಅಂತಾರ. ಫೂಲ ಇಲ್ಲದ ಕೌದಿ ಬತ್ತಲೆ ಇದ್ದಂಗಂತ. ಕಡೀಕ ನಡು ಮುಚ್ಚೂ ಮುಂದ ಕೆಲವರು ನಾಲ್ಕು ಅಕ್ಕಿಕಾಳು ಒಳಗ ಇಡ್ತಾರ, ಕೌದಿ ಹೊಟ್ಟಿ ಖಾಲಿ ಇರಬಾರದಂತ.

ಇದನ್ನ ಹುಡುಗಗ ಹೇಳಿದ್ದ ತಪ್ಪಾತು ನೋಡ್ರಿ. ನಿನ್ನಿ ಅವನ ಕೌದಿ ಮುಗೀತು, ಇಷ್ಟ ಇಷ್ಟು, ತೊಟ್ಟಿಲ ಕೂಸಿಗೆ ಹೊಚ್ಚೂವಷ್ಟು. ಹೊತ್ಕೋ ಅಜ್ಜಿ ಅಂದ. ಕಾಲ ಮ್ಯಾಲ ಹಾಕ್ಕೊಂಡು ಮಲಗಿದೆ. ನಡುರಾತ್ರಿ ಕಾಲೆಲ್ಲಾ ಇರುವಿ! ಲೈಟ್ ಹಾಕಿ ನೋಡಿದ್ರ ಕೌದಿ ನಡಕ್ಕ ಸಾಲು ಹಚ್ಚ್ಯಾವ. ಅರ್ಧ ಪೇಢೆ ಒಳಗಿಟ್ಟು ಹೊಲದಾನ್ರೀ! ಯಾಕಪಾ ಅಂದ್ರ, ‘ಹಸಿ ಅಕ್ಕಿ ತಿಂದ್ರ ಹೊಟ್ಟಿ ನೋಯ್ತೈತಿ ಅಂತ ನೀನ ಹೇಳಿಯಲ್ಲಾ’ ಅಂತಾನ. ಏನ ಹೇಳ್ತೀರಿ ಇದಕ್ಕ?

ಅದಕ್ಕ ಈಗ ನಡು ಬಿಚ್ಚಿ, ಅಕ್ಕಿಕಾಳು ಇಟ್ಟು, ಮತ್ತ ಹೊಲ್ಯಾಕ ಹತ್ತ್ಯಾನ. ಬಿಚ್ಚಿದವನೂ ಅವನ, ನಾ ಮುಟ್ಟಿಲ್ರೀ. ಸೂಜಿ ಮುಂಜಾನೆ ಒಯ್ರಿ. ಬರೂ ಮುಂದ ನಿಮ್ಮ ಮೊಮ್ಮಗಳನ್ನೂ ಕರ್ಕೊಂಡು ಬರ್ರಿ, ಇನ್ನೂ ಎರಡು ಲಗ್ನಪತ್ರಿಕಿ ಉಳದಾವ.